ಮೌಸ್ ಓಡದ ಕಲ್ಲು

ವಾಡಿಯ ಆ ಕ್ಲಿನಿಕ್ಕಿನ ಹಳೇ ಕಂಪ್ಯೂಟರನ್ನು ಅಳಿಸಲು ನನಗೆ ಮೂರೂವರೆ ತಾಸು ಹಿಡಿಯಿತು. ಸುಮ್ಮನೆ ಫಾರ್ಮ್ಯಾಟ್ ಹೊಡೆದಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ನಾನು ಶಿಸ್ತಿನ ಮನುಷ್ಯ, ಅಂದರೆ ಹಾಗೆಂದು ನನ್ನನ್ನು ನಾನೇ ನಂಬಿಸಿಕೊಂಡವನು. ಅದು ರೋಗಿಗಳ ಎಕ್ಸ್‌ರೇ ತುಂಬಿದ್ದ ಡಿಸ್ಕು, ಕಂಪ್ಯೂಟರೋ ಚಿತ್ತಾಪುರದ ಒಂದು ಶಾಲೆಗೆ ದಾನವಾಗಿ ಹೋಗಲಿತ್ತು. ಯಾರದೋ ಎದೆಯ ಚಿತ್ರ ಮಕ್ಕಳ ಕೈಗೆ ಸಿಗಬಾರದೆಂದು, ಡಿಸ್ಕಿನ ಮೂಲೆಮೂಲೆಗೂ ಸೊನ್ನೆ ತುಂಬುವ ಪ್ರೋಗ್ರಾಮ್ ಹಚ್ಚಿದೆ. ಎರಡು ಸಲ ಚಹಾ ಕುಡಿದು, ಪರದೆಯ ಮೇಲೆ ನೂರಕ್ಕೆ ನೂರು ಎಂದು ಬರುವವರೆಗೂ ಕಾದೆ. ಇಷ್ಟು ಅಚ್ಚುಕಟ್ಟಾಗಿ ನಾನು ಮಾಡಿದ ಅನಾಹುತ ಇನ್ನೊಂದಿಲ್ಲ.

ನಾನಿರುವುದು ಶಹಾಬಾದಿನಲ್ಲಿ. ಬೈಕಿನ ಮೇಲೆ ಸುತ್ತಲಿನ ಊರುಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ವಾಡಿಯ ಕ್ಲಿನಿಕ್ಕು ನಡೆಸುವ ಡಾಕ್ಟರಮ್ಮ ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಎದೆಯ ರೋಗವೊಂದನ್ನೇ ನೋಡುತ್ತಾರೆ. ಕಲ್ಲುಗಣಿ, ಪಾಲಿಶ್ ಶೆಡ್ಡು, ಸಿಮೆಂಟು ಇರುವ ಈ ಸೀಮೆಯಲ್ಲಿ ಕೆಮ್ಮುವವರಿಗೆ ಬರವಿಲ್ಲ. ಅವರಿಗೆ ಎಕ್ಸ್‌ರೇ ಓದಲು ಬರುತ್ತದೆ, ಕಂಪ್ಯೂಟರ್ ಬರುವುದಿಲ್ಲ. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ ಎಕ್ಸ್‌ರೇ ಟೆಕ್ನೀಷಿಯನ್, ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಕುಂಚಾವರಂ ಕಡೆಯ ತಮ್ಮ ಊರಿಗೆ ಹೋಗಿದ್ದರು.

ಹೋಗುವ ಮುಂಚೆ, ಅಂದರೆ ಅದಕ್ಕೂ ಆರು ವರ್ಷ ಮೊದಲು, ಕಾಕಾ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಎಲ್ಲ ಎಕ್ಸ್‌ರೇಗಳ ಇನ್ನೊಂದು ಪ್ರತಿ ತಾನಾಗಿಯೇ ಹೊರಗಿನ ಡಿಸ್ಕಿಗೆ ಹೋಗುವಂತೆ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದ್ದರು. ಡಿಸ್ಕು ಕಳುವಾದರೂ ಯಾರೂ ತೆರೆಯದಂತೆ ಆ ಪ್ರತಿಗೆ ಪಾಸ್‌ವರ್ಡಿನ ಬೀಗ. ಹಾಕಿದ ದಿನ ಒಮ್ಮೆ ಟೈಪ್ ಮಾಡಿದ್ದಷ್ಟೇ. ಆಮೇಲೆ ಕಂಪ್ಯೂಟರೇ ಅದನ್ನು ತನ್ನೊಳಗೆ ಇಟ್ಟುಕೊಂಡು, ದಿನಾ ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಎದ್ದ ಹೊತ್ತಿಗೆ ತಾನೇ ಬೀಗ ತೆಗೆದು, ಹೊಸ ಚಿತ್ರಗಳನ್ನು ಒಳಗಿಟ್ಟು, ಮತ್ತೆ ಬೀಗ ಹಾಕುತ್ತಿತ್ತು. ಮೂಲೆಯಲ್ಲಿ ಹಸಿರು ಗುರುತು ಬೀಳುತ್ತಿತ್ತು. ಎಂಟು ವರ್ಷ ಆ ಹಸಿರು ಗುರುತು ನೋಡಿ ಎಲ್ಲರೂ ನೆಮ್ಮದಿಯಾಗಿದ್ದರು, ನಾನೂ.

ಹಳೇ ಕಂಪ್ಯೂಟರ್ ತೀರಾ ನಿಧಾನವಾಗಿದ್ದರಿಂದ ಅದನ್ನು ಬದಲಾಯಿಸಲು ನನ್ನನ್ನು ಕರೆದರು. ಸೋಮವಾರ ಹೋದೆ. ಮೊದಲು ತಂತಿ ಹಾಕಿ ನೇರವಾಗಿ ಚಿತ್ರಗಳನ್ನು ಎಳೆದುಕೊಳ್ಳಲು ನೋಡಿದೆ. ನಾಲ್ಕು ಫೈಲು ಬರುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. ಹಸಿರು ಗುರುತು ಕಂಡಿತು. ಬ್ಯಾಕಪ್ ಇದೆಯಲ್ಲ, ಯಾಕೆ ಜೀವ ತಿನ್ನಬೇಕು ಎಂದುಕೊಂಡೆ. ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಹಳೇ ಯಂತ್ರದ ಸಾಫ್ಟ್‌ವೇರಿನಿಂದ ಪಾಸ್‌ವರ್ಡನ್ನು ಹೊರತೆಗೆದು ಬರೆದುಕೊಳ್ಳಬೇಕು. ಹೊಸ ಯಂತ್ರದಲ್ಲಿ ಒಂದೇ ಒಂದು ಚಿತ್ರವನ್ನಾದರೂ ತೆರೆದು ಕಣ್ಣಾರೆ ನೋಡಬೇಕು. ಅದಾದ ಮೇಲಷ್ಟೇ ಹಳೆಯದನ್ನು ಮುಟ್ಟಬೇಕು. ಇದನ್ನು ನಾನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ ಲೆಕ್ಕವಿಲ್ಲ. ಆ ದಿನ ಬಾಯಿ ಮಾತಿನಲ್ಲಿದ್ದುದು ಕೈಗೆ ಬರಲಿಲ್ಲ. ಮೊದಲು ಅಳಿಸಿದೆ.

ಅಳಿಸುವುದು ಮುಗಿದ ಮೇಲೆ ಹೊಸ ಕಂಪ್ಯೂಟರನ್ನು ಟೇಬಲ್ಲಿನ ಮೇಲಿಟ್ಟೆ. ಟೇಬಲ್ಲೆಂದರೆ ನಮ್ಮ ಕಡೆಯ ಪರ್ಸಿ ಕಲ್ಲಿನ ಒಂದು ಹಾಸು, ಗೋಡೆಗೆ ಸೇರಿಸಿ ಎರಡು ಕಲ್ಲುಕಾಲಿನ ಮೇಲೆ ಕೂರಿಸಿದ್ದು. ಅದರ ಮೇಲೆ ಅಂಟಿಸಿದ್ದ ಕರೀ ರೆಕ್ಸಿನ್ ಉಬ್ಬಿ ಹರಿದು, ಕೆಳಗಿನ ಒರಟು ಕಲ್ಲಿನ ಉಬ್ಬುತಗ್ಗೆಲ್ಲ ಮೇಲೆ ಎದ್ದಿತ್ತು. ಹೊಸ ಮೌಸ್ ಅದರ ಮೇಲೆ ಕುಂಟತೊಡಗಿತು. ಬಾಣ ಇಲ್ಲಿದ್ದದ್ದು ಅಲ್ಲಿಗೆ ಹಾರುತ್ತಿತ್ತು, ಇಲ್ಲವೇ ಅಲ್ಲಾಡದೆ ನಿಲ್ಲುತ್ತಿತ್ತು. ಹಸಿವಾಗಿತ್ತು, ಸಿಟ್ಟು ಬಂತು.

"ಏನ್ ಕಲ್ಲಪಾ ಇದು! ಇದರ ಮ್ಯಾಲ ಎತ್ತಿನಬಂಡಿನೂ ಓಡಂಗಿಲ್ಲ," ಎಂದು ಕೂಗಿಕೊಂಡೆ.

"ಕಲ್ಲಿಗಿ ಯಾಕ ಬೈತಿ ಬೇಟಾ? ಅದರ ಮಾರಿ ಯಾರರ ತೊಳ್ದಾರೇನು?" ಎಂದು ಬಾಗಿಲ ಬಳಿಯ ಬೆಂಚಿನಿಂದ ದನಿ ಬಂತು.

ಅವರೇ ಪಾಲಿಶ್ ಚಾಚಾ. ಮೂವತ್ತು ವರ್ಷ ಶಹಾಬಾದಿನ ಶೆಡ್ಡುಗಳಲ್ಲಿ ಕಲ್ಲಿಗೆ ಪಾಲಿಶ್ ಹಿಡಿದವರು. ಅರವತ್ತು ದಾಟಿಲ್ಲ, ನೋಡಿದರೆ ಎಪ್ಪತ್ತೈದು ಅನ್ನಬೇಕು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಹುಡುಕಬೇಕು. ಅವರ ವಿಷಯ ನನಗೆ ಮೊದಲೇ ಗೊತ್ತಿತ್ತು, ಡಾಕ್ಟರಮ್ಮ ಹೇಳಿದ್ದರು. ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಅವರ ಕಾರ್ಡಿನ ಮೇಲೆ ಟಿ.ಬಿ. ಎಂದು ಬರೆದಿದ್ದರು. ಕಫದ ಪರೀಕ್ಷೆಯಲ್ಲಿ ಒಮ್ಮೆಯೂ ಏನೂ ಸಿಕ್ಕಿರಲಿಲ್ಲ, ಅವರ ಎದೆಯಲ್ಲಿದ್ದುದು ಕಲ್ಲಿನ ಧೂಳು. ಆದರೆ ಆ ಎರಡಕ್ಷರ ಮನೆ ಹೊಕ್ಕು ಕುಳಿತಿತ್ತು. ಮನೆಯಲ್ಲಿ ಅವರ ತಾಟು ಬೇರೆ, ಲೋಟ ಬೇರೆ. ಒಂದೂವರೆ ವರ್ಷದ ಮೊಮ್ಮಗಳನ್ನು ಅವರು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಡಾಕ್ಟರಮ್ಮ ತಾವೇ ಅವರ ಮನೆಗೆ ಹೋಗಿ ಇದು ಹರಡುವ ರೋಗವಲ್ಲ ಎಂದು ಹೇಳಿ ಬಂದಿದ್ದರು. ಸೊಸೆ ತಲೆ ಅಲ್ಲಾಡಿಸಿ, "ನೀವ್ ಹೇಳ್ತೀರಿ ಖರೆ, ಕಾರ್ಡಿನಾಗ ಬ್ಯಾರೆ ಬರದದಲ್ರಿ" ಎಂದಳಂತೆ. ಅದಕ್ಕೇ ಚಾಚಾಗೆ ಇನ್ನೊಂದು ಕಾಗದ ಬೇಕಿತ್ತು. ಮುಂದಿನ ಸೋಮವಾರ ಕಲಬುರಗಿಯಲ್ಲಿ ಮೆಡಿಕಲ್ ಬೋರ್ಡು ಕೂರುವುದಿತ್ತು. ಏಳು ವರ್ಷದ ಹಿಂದಿನಿಂದ, ಅವರು ಶೆಡ್ಡಿನಲ್ಲಿದ್ದಾಗಲೇ ಇದೇ ಕ್ಲಿನಿಕ್ಕಿನಲ್ಲಿ ತೆಗೆದ ಮೂರು ಎಕ್ಸ್‌ರೇ ತೋರಿಸಿದರೆ, ಆ ನೆರಳು ವರ್ಷ ವರ್ಷಕ್ಕೆ ಹೇಗೆ ಬೆಳೆಯಿತೆಂದು ನೋಡಿ, ಇದು ಧೂಳಿನ ರೋಗ ಎಂದು ಠಸ್ಸೆ ಹೊಡೆದು ಕೊಡುತ್ತಾರೆ. ಈಗಿನ ಎಕ್ಸ್‌ರೇ ಒಂದೇ ಇದ್ದರೆ ಯಾವುದು ಎಂದು ಖಚಿತವಾಗಿ ಹೇಳಲಾಗದಷ್ಟು ಎದೆ ಕೆಟ್ಟಿತ್ತು. ಚಾಚಾ ಪರಿಹಾರದ ಮಾತು ಒಮ್ಮೆಯೂ ಎತ್ತಿರಲಿಲ್ಲ. ಠಸ್ಸೆ, ಠಸ್ಸೆ ಎಂದಷ್ಟೇ ಅನ್ನುತ್ತಿದ್ದರು. ಅವರ ಬಳಿಯಿದ್ದ ಫಿಲ್ಮುಗಳನ್ನು ಓಣಿಯ ಮಕ್ಕಳು ಗ್ರಹಣ ನೋಡಲು ಕತ್ತರಿಸಿ ಹಂಚಿಕೊಂಡಿದ್ದವು.

"ಎರಡ್ ದಿನ ಕೊಡು. ಈ ಕಲ್ಲಿಗಿ ಕನ್ನಡಿ ಮಾಡ್ತೀನಿ," ಎಂದರು ಚಾಚಾ.

ಒಳಗಿನಿಂದ ಡಾಕ್ಟರಮ್ಮ ರೇಗಿದರು. "ನಿಮ್ಮ ಎದಿಗಿ ಮತ್ತ ಅದೇ ಕೆಲಸ ಬೇಕಾಗ್ಯಾದೇನು?"

"ನೀರ್ ಹಾಕಿ ಕೈಲೆ ತಿಕ್ಕತೀನ್ರಿ ಡಾಕ್ಟ್ರಮ್ಮಾ, ಒಂದ್ ಕಣ ಧೂಳ್ ಏಳಂಗಿಲ್ಲ. ಇಷ್ಟ್ ವರ್ಷ ನನ್ನ ನೋಡೀರಿ. ನಾ ನಿಮಗ ಏನ್ ಕೊಟ್ಟೀನಿ? ಇದೊಂದು ಮಾಡ್ಲಿಕ್ಕ ಬಿಡ್ರಿ."

ಡಾಕ್ಟರಮ್ಮ ಒಪ್ಪಿದರು. ನನಗೂ ಒಳ್ಳೆಯದೇ ಆಯಿತೆನ್ನಿಸಿತು. ಹೊಸ ಕಂಪ್ಯೂಟರನ್ನು ಕಪಾಟಿನಲ್ಲಿಟ್ಟು, ಹಳೆಯದನ್ನು ಬೈಕಿಗೆ ಕಟ್ಟಿಕೊಂಡು ಚಿತ್ತಾಪುರಕ್ಕೆ ಹೊರಟೆ.

ಬುಧವಾರ ಬಂದಾಗ ಟೇಬಲ್ಲು ಬೇರೆಯೇ ಆಗಿತ್ತು. ರೆಕ್ಸಿನ್ ಇಲ್ಲ, ಅದರ ಅಂಟಿನ ಕಲೆಯೂ ಇಲ್ಲ. ಬೂದುಗಪ್ಪು ಕಲ್ಲು ಈಗಷ್ಟೇ ನೀರಿನಿಂದ ತೆಗೆದಂತೆ ಹೊಳೆಯುತ್ತಿತ್ತು. ಕಂಪ್ಯೂಟರ್ ಜೋಡಿಸಿ, ಬ್ಯಾಕಪ್ ಸಾಫ್ಟ್‌ವೇರ್ ಹಾಕಿ, ಹೊರಗಿನ ಡಿಸ್ಕು ಚುಚ್ಚಿದೆ. ಡಿಸ್ಕು ಕಂಡಿತು. ಎಂಟು ವರ್ಷದ ಪ್ರತಿಗಳೂ ತಾರೀಖಿನ ಸಮೇತ ಸಾಲಾಗಿ ಕಂಡವು. ಮೊದಲನೆಯದನ್ನು ಒತ್ತಿದೆ. ಪಾಸ್‌ವರ್ಡ್ ಕೊಡಿ ಎಂದು ಒಂದು ಖಾಲಿ ಪೆಟ್ಟಿಗೆ ತೆರೆದುಕೊಂಡಿತು.

"ಮೇಡಂ, ಬ್ಯಾಕಪ್ ಪಾಸ್‌ವರ್ಡ್ ಏನ್ರಿ?" ಎಂದೆ.

"ಅದಕ್ಕ ಪಾಸ್‌ವರ್ಡ್ ಅದ ಏನು?" ಎಂದರು ಡಾಕ್ಟರಮ್ಮ.

ಅದು ಇದ್ದದ್ದು ಒಂದೇ ಕಡೆ, ಸೋಮವಾರ ನಾನು ಸೊನ್ನೆ ತುಂಬಿದ ಡಿಸ್ಕಿನಲ್ಲಿ.

ಆ ಸಂಜೆಯವರೆಗೆ ತೋಚಿದ್ದೆಲ್ಲ ಹಾಕಿ ನೋಡಿದೆ. ಕ್ಲಿನಿಕ್ಕಿನ ಹೆಸರು, ಅದನ್ನು ತಿರುಗಿಸಿ, ಡಾಕ್ಟರಮ್ಮನ ಹುಟ್ಟಿದ ವರ್ಷ, ಫೋನ್ ನಂಬರಿನ ತುದಿ, ಕಾಕಾನ ಊರು. ಪ್ರತಿ ಸಲವೂ ಪೆಟ್ಟಿಗೆ ಒಮ್ಮೆ ಕೆಂಪಾಗಿ ಮತ್ತೆ ಖಾಲಿಯಾಗುತ್ತಿತ್ತು. ರಿಜಿಸ್ಟರುಗಳ ಹಿಂದಿನ ಪುಟ, ಡ್ರಾಯರಿನ ತಳ, ಮಾನಿಟರಿನ ಬೆನ್ನು ಎಲ್ಲ ಹುಡುಕಿದೆವು. ಎಕ್ಸ್‌ರೇ ಯಂತ್ರದ ನೆನಪಿನಲ್ಲಿ ಕೊನೆಯ ಕೆಲವು ದಿನಗಳ ಚಿತ್ರವಷ್ಟೇ ಇತ್ತು. ಸಾಫ್ಟ್‌ವೇರ್ ಮಾಡಿದವರ ಸಹಾಯ ಪುಟದಲ್ಲಿ, ಪಾಸ್‌ವರ್ಡ್ ಕಳೆದುಕೊಂಡರೆ ನಾವು ಸಹ ತೆರೆಯಲಾರೆವು ಎಂದು ಸ್ಪಷ್ಟವಾಗಿ ಬರೆದಿತ್ತು. ಅವರ ತಪ್ಪೇನಿಲ್ಲ, ಬೀಗ ಎಂದರೆ ಹಾಗೇ ಇರಬೇಕು. ಕಾಕಾನಿಗೆ ಫೋನ್ ಮಾಡಿದರೆ ಆ ನಂಬರು ಈಗ ಇಲ್ಲ ಎಂದು ಹೇಳುತ್ತಿತ್ತು.

ಗುರುವಾರ ಚಿತ್ತಾಪುರಕ್ಕೆ ಹೋಗಿ ಶಾಲೆಯ ಹೆಡ್‌ಮಾಸ್ತರ ಮುಂದೆ ಕೈಜೋಡಿಸಿ ನಿಂತೆ. "ಕೊಟ್ಟಿದ್ದು ವಾಪಸ್ ತಗೋತೀರೇನ್ರಿ?" ಎಂದು ಅವರು ನಕ್ಕರು. ಒಂದು ದಿನದ ಮಟ್ಟಿಗೆ ಎಂದು ಡಿಸ್ಕು ಬಿಚ್ಚಿಕೊಂಡು, ಅಲ್ಲೇ ವರಾಂಡದಲ್ಲಿ ಕುಳಿತು, ಅಳಿಸಿದ್ದನ್ನು ಮರಳಿ ತರುವ ಎರಡು ಪ್ರೋಗ್ರಾಮ್ ಓಡಿಸಿದೆ. ಬರೀ ಸೊನ್ನೆ. ಬರುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಆದರೂ ನೋಡುತ್ತ ಕುಳಿತಿದ್ದೆ, ನನ್ನ ಕೆಲಸ ಎಲ್ಲಾದರೂ ಒಂದು ಕಡೆ ಕಳಪೆಯಾಗಿರಲಿ ಎಂದು ಬೇಡಿಕೊಳ್ಳುತ್ತ. ಎಲ್ಲೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಕುಂಚಾವರಂ ದಾರಿ ಹಿಡಿದೆ. ಮಳಖೇಡದ ಬಳಿ ಕಾಗಿಣಾ ಹೊಳೆ ದಾಟಿ ಸೇಡಂ, ಅಲ್ಲಿಂದ ಚಿಂಚೋಳಿ. ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋಗುವಾಗೆಲ್ಲ ಚಾಚಾ ನೆನಪಾಗುತ್ತಿದ್ದರು. ಕಾಡು ಶುರುವಾದ ಮೇಲೆ ಫೋನಿನ ಸಿಗ್ನಲ್ ಹೋಯಿತು. ಮೂರು ತಾಂಡಾಗಳಲ್ಲಿ ವಿಚಾರಿಸಿ, ಮಧ್ಯಾಹ್ನದ ಹೊತ್ತಿಗೆ ಕಾಕಾನ ಮನೆ ಮುಟ್ಟಿದೆ. ಅವರು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದು ಹೆಗಲು ತಟ್ಟಿದರು. ಅವರ ಹೆಂಡತಿ "ಟೀ ತಾಗಂಡಿ" ಎಂದು ತೆಲುಗಿನಲ್ಲಿ ಹೇಳಿ ಲೋಟ ಕೈಗಿಟ್ಟರು.

ಕೇಳಿದೆ. ಕಾಕಾ ನಕ್ಕೇಬಿಟ್ಟರು.

"ಬ್ಯಾಕಪ್ ಹಾಕೂಮುಂದ ನಾ ಫೋನ್ ಮಾಡಿ ಕೇಳಿದಾಗ ನೀವೇ ಹೇಳಿದ್ರಲ್ಲ ಸಾರ್ ಆವತ್ತ. ಹೆಸರು ಇಡಬ್ಯಾಡ್ರಿ, ಹುಟ್ಟಿದ ತಾರೀಖ್ ಇಡಬ್ಯಾಡ್ರಿ, ಯಾರಿಗೂ ಹೊಳೀದಂಗ ಇಡ್ರಿ ಅಂತ. ಕಣ್ಣ ಮುಚ್ಚಿ ಕೀಬೋರ್ಡ್ ಕುಟ್ಟಿದೆ. ಹದಿನಾಲ್ಕು ಅಕ್ಷರ. ಅದು ನೆನಪ ಹ್ಯಾಂಗ ಇರ್ತದ?"

"ಬರದಿಟ್ಟೀರೇನು ಕಾಕಾ?"

"ಬರೀಲಾರದೆ? ಕಾಗದಾ ಗೆದ್ದಲ ತಿಂತದ, ಗ್ವಾಡಿಗಿ ಬರದ್ರ ಸುಣ್ಣ ಬಳೀತಾರ. ಇಪ್ಪತ್ ವರ್ಷ ವಾಡಿಯಾಗಿದ್ದೆ, ಕಲ್ಲಿನ ಮ್ಯಾಲಿನ ಗುರುತು ಹೋಗಿದ್ದು ಒಮ್ಮೆನೂ ನೋಡಿಲ್ಲ. ಕಂಪ್ಯೂಟರ್ ಟೇಬಲ್ ಅದ ನೋಡ್ರಿ, ಅದರ ಎಡಗಡಿ ಮೂಲ್ಯಾಗ, ಕೀಬೋರ್ಡಿನ ಕೆಳಗ, ಮೊಳಿ ತಗೊಂಡು ಕೊರದೀನಿ. ಮ್ಯಾಲ ರೆಕ್ಸಿನ್ ಹಚ್ಚಿ ಮುಚ್ಚಿಬಿಟ್ಟೆ. ಹೋಗಿ ರೆಕ್ಸಿನ್ ಎತ್ತಿ ನೋಡ್ರಿ, ಅಷ್ಟೇ."

ಲೋಟ ಕೆಳಗಿಟ್ಟೆ. ಅಷ್ಟು ಹುರುಪಿನಿಂದ ಹೇಳಿದ ಮನುಷ್ಯನಿಗೆ ನಾನು ಏನನ್ನೂ ಹೇಳಲಿಲ್ಲ. ಭಾಳ ಉಪಕಾರ ಆಯಿತು ಎಂದು ಕಾಲು ಮುಟ್ಟಿ ಎದ್ದೆ. ಅವರು ಒಂದು ಪೊಟ್ಟಣ ಹುಣಸೆಹಣ್ಣು ಕಟ್ಟಿ ಬ್ಯಾಗಿಗೆ ಹಾಕಿದರು.

ಚಿಂಚೋಳಿಗೆ ಬಂದಾಗ ಸಿಗ್ನಲ್ ಬಂತು. ಕ್ಲಿನಿಕ್ಕಿಗೆ ಫೋನ್ ಮಾಡಿ, ಕೀಬೋರ್ಡ್ ಎತ್ತಿ ನೋಡಿ ಎನ್ನಬಹುದಿತ್ತು. ಮಾಡಲಿಲ್ಲ. ಮೊಳೆಯಿಂದ ಕೊರೆದದ್ದು ಆಳವಾಗಿರುತ್ತದೆ, ಕೈಯಿಂದ ತಿಕ್ಕಿದರೆ ಎಷ್ಟು ಸವೆದೀತು ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಸಮಾಧಾನ ಮಾಡುತ್ತ ಬಂದೆ. ಫೋನ್ ಮಾಡಿದ್ದರೆ ಆ ಎರಡು ತಾಸಿನ ಆಸೆಯೂ ಇರುತ್ತಿರಲಿಲ್ಲ.

ಸಂಜೆ ಬಿಸಿಲಿರುವಾಗಲೇ ವಾಡಿ ಮುಟ್ಟಿ, ಕೀಬೋರ್ಡ್ ಪಕ್ಕಕ್ಕೆ ಸರಿಸಿದೆ. ಎಡಮೂಲೆ ಉಳಿದ ಕಲ್ಲಿಗಿಂತ ಇನ್ನೂ ನುಣ್ಣಗಿತ್ತು. ಟಾರ್ಚನ್ನು ಕಲ್ಲಿಗೆ ಮಲಗಿಸಿ ಅಡ್ಡ ಬೆಳಕು ಬಿಟ್ಟು ನೋಡಿದೆ. ಒದ್ದೆ ಬಟ್ಟೆಯಿಂದ ಒರೆಸಿ, ನೀರು ಆರುವಾಗ ಗೆರೆ ಎಲ್ಲಾದರೂ ಕಪ್ಪಗೆ ಉಳಿಯುತ್ತದೇನೋ ನೋಡಿದೆ. ಗೋಧಿಹಿಟ್ಟು ಉದುರಿಸಿ ಊದಿದೆ. ತೆಳ್ಳನೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ಗೋಡೆಗೆ ತಾಗಿದ ಅಂಚಿನಲ್ಲಿ, ಉಜ್ಜುವ ಕಲ್ಲು ಹೋಗದ ಒಂದು ಬೆರಳಗಲದ ಜಾಗದಲ್ಲಿ, ಏಳು ಎಂಬ ಅಂಕಿ ಸಿಕ್ಕಿತು. ಅದರ ಮುಂದೆ ಕೊಕ್ಕೆಯಂಥ ಅರ್ಧ ಗೆರೆ. ಹದಿನಾಲ್ಕರಲ್ಲಿ ಒಂದೂವರೆ ಅಕ್ಷರ. ಉಳಿದವನ್ನು ಯಂತ್ರದಿಂದ ಊಹಿಸಲು ಹಚ್ಚಿದರೆ ನನ್ನ ಆಯುಷ್ಯವಷ್ಟೇ ಅಲ್ಲ, ಆ ಮೊಮ್ಮಗಳ ಆಯುಷ್ಯವೂ ಸಾಲದು. ಟಾರ್ಚನ್ನು ಬ್ಯಾಗಿಗೆ ಹಾಕುವಾಗ ತಳದಲ್ಲಿ ಕೈಗೆ ಏನೋ ಮೆತ್ತಗೆ ತಾಗಿತು. ಕವರು ಸಹ ಬಿಚ್ಚದ ಒಂದು ಮೌಸ್ ಪ್ಯಾಡು. ಸೋಮವಾರವೂ ಅದು ಅಲ್ಲೇ ಇತ್ತು.

ಡಾಕ್ಟರಮ್ಮನಿಗೆ ಎಲ್ಲವನ್ನೂ ಬಿಡದೆ ಹೇಳಿದೆ. ಹೇಳುವಾಗ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಅವರು ಕನ್ನಡಕ ತೆಗೆದು ಆ ಕಲ್ಲನ್ನೇ ಬಹಳ ಹೊತ್ತು ನೋಡಿದರು.

"ತಮ್ಮಾ, ತಿಕ್ಕೂಮುಂದ ಅವರು ಆ ಗೀರು ನೋಡಿರ್ತಾರ," ಎಂದರು. "ಆಕಾರರ ನೆನಪಿದ್ದೀತು."

"ಕೇಳಿದ್ರ ಅವರಿಗಿ ತಿಳೀತದ್ರಿ ಮೇಡಂ. ತಮ್ಮ ಕೈಲೇ ಹೋತು ಅಂತ."

"ಕೇಳದಿದ್ರ ಇದ್ದದ್ದೊಂದು ದಾರಿನೂ ಹೋತು. ಹ್ಯಾಂಗ ಕೇಳ್ತಿ, ನೀನೇ ನೋಡು."

ರಾತ್ರಿಯಿಡೀ ಅದೇ ಯೋಚನೆ. ಬೆಳಗಾಗುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಕೇಳುತ್ತೇನೆ, ಆದರೆ ಯಾಕೆ ಕೇಳಿದೆ ಎಂದು ಹೇಳುವುದಿಲ್ಲ. ಏನಾದರೂ ನೆನಪಿದ್ದರೆ ಆಮೇಲೆ ನೋಡಿಕೊಳ್ಳುವುದು. ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಬೇಕು.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಬೋರ್ಡಿನವರಿಗೆ ಫೋನ್ ಮಾಡಿದರು. ನಿಮ್ಮ ಮಾತಿನ ಮೇಲೆ ನಮಗೆ ನಂಬಿಕೆಯಿದೆ, ಆದರೆ ಹಳೇ ಚಿತ್ರ ನೋಡದೆ ಹಾಗೆ ಬರೆದು ಕೊಡಲಾಗದು ಎಂದು ಅತ್ತಲಿನವರು ಸೌಜನ್ಯದಿಂದಲೇ ಹೇಳಿದರಂತೆ. ಹತ್ತು ಗಂಟೆಗೆ ಚಾಚಾ ಔಷಧಿಗೆ ಬಂದರು. ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿದ್ದರು. ಸೋಮವಾರ ಕಲಬುರಗಿಗೂ ಇದನ್ನೇ ಹಾಕಿಕೊಳ್ಳಲೇ ಎಂದು ಡಾಕ್ಟರಮ್ಮನನ್ನು ಕೇಳಿದರು. ಅವರು ಎದ್ದು ಒಳಗೆ ಹೋದರು.

"ಚಾಚಾ, ಕಲ್ಲು ಭಾಳ ಚಂದ ಆಗ್ಯಾದ," ಎಂದೆ. "ಮೊದಲ ರೆಕ್ಸಿನ್ ಎತ್ತಿದಾಗ ಹ್ಯಾಂಗಿತ್ತು? ಏನರ ಗುರುತು, ಗೀರು ಇದ್ವೇನು?"

ಅವರ ಮುಖ ಅರಳಿತು. ತಮ್ಮ ಕೆಲಸದ ಬಗ್ಗೆ ಯಾರೂ ಕೇಳದೆ ಎಷ್ಟು ದಿನವಾಗಿತ್ತೋ.

"ಇದ್ವು ಅಂತ ಕೇಳ್ತಿಯಾ! ಈ ಮೂಲ್ಯಾಗ ಯಾವನೋ ಮೊಳಿ ತಗೊಂಡು ಕೊರದಿದ್ದ, ಭಾಳ ಆಳ. ಉಳಿದ ಕಲ್ಲು ಒಂದ್ ದಿನದಾಗ ಮುಗೀತು ಬೇಟಾ, ಈ ಮೂಲಿಗೇ ಇನ್ನೊಂದ್ ದಿನ ಹಿಡೀತು. ಉಸಿರ್ ಹತ್ತಿತು, ಕುಂತು ಕುಂತು ತಿಕ್ಕಿದೆ. ಬಿಟ್ರ ಬಿಡಬಹುದಿತ್ತು, ಕೀಬೋರ್ಡ್ ಕೆಳಗ ಯಾರ್ ನೋಡ್ತಾರ. ಮನಸ್ ಒಪ್ಪಲಿಲ್ಲ."

"ಅಕ್ಷರ ಇದ್ದಂಗ ಇದ್ವೇನು? ಹ್ಯಾಂಗಿದ್ವು?"

"ಅಕ್ಷರ ನನಗೆಲ್ಲಿ ಬರತಾವ? ಇರಿವಿ ಹರದಾಡಿದಂಗ ಇದ್ವು." ಒಂದು ಗಳಿಗೆ ನನ್ನ ಮುಖ ನೋಡಿದರು. "ಯಾಕ ಬೇಟಾ?"

"ಏನಿಲ್ಲ ಚಾಚಾ, ಸುಮ್ನ."

ಆಮೇಲೆ ಉಳಿದದ್ದನ್ನು ಹೇಳಿದೆ. ಹಳೇ ಚಿತ್ರಗಳು ಸಿಗುವುದಿಲ್ಲ, ಕಂಪ್ಯೂಟರ್ ಅಳಿಸುವಾಗ ತಪ್ಪಾಯಿತು, ತಪ್ಪು ಮಾಡಿದವನು ನಾನು. ಇದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಚಾಚಾ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಮಷೀನ್ ಅದ ನೋಡು. ಆಗ್ತದ," ಎಂದರು ಕೊನೆಗೆ. "ಕೂಸು ದೂರಿಂದ ನನ್ನ ನೋಡಿ ನಗತದ. ಅಷ್ಟ್ ಸಾಕು."

ಎದ್ದು ಹೊರಟವರು ಟೇಬಲ್ಲಿನ ಬಳಿ ನಿಂತರು. ಆ ಎಡಮೂಲೆಯ ಮೇಲೆ ಅಂಗೈ ಇಟ್ಟು ಒಮ್ಮೆ ನಿಧಾನವಾಗಿ ಸವರಿದರು.

"ಈಗ ಅದು ಓಡ್ತದಲ್ಲ?" ಎಂದು ಕೇಳಿದರು.

ನಾನು ಮೌಸ್ ಹಿಡಿದು ಅತ್ತಿತ್ತ ಸರಿಸಿ ತೋರಿಸಿದೆ. ಪಾಸ್‌ವರ್ಡ್ ಕೇಳುತ್ತಿದ್ದ ಆ ಖಾಲಿ ಪೆಟ್ಟಿಗೆಯ ಮೇಲೆ ಬಾಣ ಎಲ್ಲೂ ತಡವರಿಸದೆ ಈ ತುದಿಯಿಂದ ಆ ತುದಿಗೆ ಹೋಗಿ ಬಂತು.

"ಓಡ್ತದ ಚಾಚಾ," ಎಂದೆ. "ಭಾಳ ಚಂದ ಓಡ್ತದ."